ಐಡಿ ಹೋಯ್ತು, ನೆರೆಹೊರೆಯೂ ಹೋಗಬೇಕೇ?

"ಅಮ್ಮಾ, ನನ್ನ ಐಡಿ ಹೋಯ್ತು!"

ಭಾನುವಾರ ಮಧ್ಯಾಹ್ನ. ರೊಟ್ಟಿ ಬಡಿಯುತ್ತಿದ್ದ ನಾನು ತಿರುಗಿಯೂ ನೋಡದೆ, "ಶಾಲೆ ಕಾರ್ಡ್ ತಾನೇ? ನಾಳೆ ಸರ್‌ಗೆ ಹೇಳಿದ್ರೆ ಹೊಸದು ಕೊಡ್ತಾರೆ ಬಿಡು" ಅಂದೆ. ಒಂಬತ್ತನೇ ಕ್ಲಾಸಿನ ಮಗ ಅಳುವುದೊಂದು ಬಾಕಿ. ಹೋದದ್ದು ಶಾಲೆಯ ಐಡಿ ಅಲ್ಲ, ಮೊಬೈಲಿನಲ್ಲಿ ಅವನು ಆಡುವ ಆಟದ ಐಡಿ! ಎರಡು ವರ್ಷ ಆಡಿ ಗಳಿಸಿದ ರ್‍ಯಾಂಕು, ಹಬ್ಬಕ್ಕೆ ಅಜ್ಜಿ, ಸೋದರಮಾವ ಕೊಟ್ಟ ದುಡ್ಡಿನಲ್ಲಿ ಕೊಂಡ ಆಟದ ಬಂದೂಕು, ಬಟ್ಟೆ ಎಲ್ಲ ಯಾರದೋ ಪಾಲಾಗಿತ್ತು.

"ಪಾಸ್‌ವರ್ಡ್ ಯಾರಿಗಾದ್ರೂ ಹೇಳಿದ್ಯೇನೋ?"

ತಲೆ ತಗ್ಗಿಸಿದ. "ಪಕ್ಕದ ಮನೆ ಅಣ್ಣಗ... ರ್‍ಯಾಂಕ್ ಏರಿಸಿ ಕೊಡ್ತೀನಿ ಅಂದಿದ್ದ."

ಸಾಕಲ್ಲ! ಹಿಟ್ಟಿನ ಕೈಯಲ್ಲೇ ಕಾಂಪೌಂಡಿನ ಹತ್ತಿರ ಹೋದೆ. ಪಕ್ಕದ ಮನೆಯ ಅಕ್ಕ ಅಂದರೆ ಕಮಲಾಪುರಕ್ಕೆ ನಾನು ಸೊಸೆಯಾಗಿ ಬಂದಾಗಿನಿಂದ ಕಷ್ಟಸುಖ ಹಂಚಿಕೊಂಡವರು. "ಅಕ್ಕ, ನಿಮ್ಮ ಹುಡುಗನ್ನ ಸ್ವಲ್ಪ ಕೇಳ್ರಿ" ಅಂತ ಮೆಲ್ಲಗೆ ಶುರುವಾದ ಮಾತು ಐದೇ ನಿಮಿಷದಲ್ಲಿ ಓಣಿಗೆಲ್ಲ ಕೇಳುವಂತಾಯಿತು. "ಹಂಗಾದ್ರೆ ನಮ್ಮ ಹುಡುಗ ಕಳ್ಳ ಅಂತೀಯೇನವ್ವಾ?" ಎಂದವರೇ ಬಾಗಿಲು ಹಾಕಿಕೊಂಡರು. ಮುಂದೆ ಹದಿನೈದು ದಿನ ಮಾತಿಲ್ಲ. ಬೆಳಿಗ್ಗೆ ಇಬ್ಬರೂ ಕೂಡಿ ಕೆರೆ ಏರಿ ಮೇಲೆ ಹೋಗುತ್ತಿದ್ದ ವಾಕಿಂಗ್ ಕೂಡ ನಿಂತುಹೋಯ್ತು.

ಕಂಪನಿ ಏನನ್ನುತ್ತೆ?

ಆಟದ ಕಂಪನಿಗೆ ಬರೆದೆವು. ಪಾಸ್‌ವರ್ಡ್ ಬೇರೆಯವರಿಗೆ ಕೊಡುವುದು ನಿಯಮಕ್ಕೆ ವಿರುದ್ಧ, ಅದರಿಂದ ಆದ ನಷ್ಟಕ್ಕೆ ಖಾತೆದಾರರೇ ಹೊಣೆ ಎಂಬ ಉತ್ತರ ಬಂತು. ಆಟ ಹಾಕಿಕೊಳ್ಳುವಾಗ ಉದ್ದಕ್ಕೆ ಬರುವ ಷರತ್ತುಗಳನ್ನು ಓದದೆ 'ಒಪ್ಪಿದೆ' ಎಂದು ಒತ್ತುತ್ತೇವಲ್ಲ, ಅದರಲ್ಲೇ ಇದು ಇರುತ್ತೆ. ಹದಿನೆಂಟು ತುಂಬದವರು ಮಾಡಿಕೊಂಡ ಕರಾರು 1872ರ ಕರಾರು ಕಾಯ್ದೆಯಡಿ ನಿಲ್ಲುವುದಿಲ್ಲ. ಅದಕ್ಕೇ ಎಷ್ಟೋ ಆಟಗಳಲ್ಲಿ ತಂದೆತಾಯಿಯ ಒಪ್ಪಿಗೆ ಇದೆಯೇ ಎಂದು ಕೇಳುತ್ತಾರೆ. ನಮ್ಮ ಮನೆಯಲ್ಲಿ ಆ ಒಪ್ಪಿಗೆ ಒತ್ತಿದವನೂ ಮಗನೇ!

ಹಾಗಂತ ಕಂಪನಿ ಯಾವಾಗಲೂ ಕೈ ತೊಳೆದುಕೊಳ್ಳುವ ಹಾಗಿಲ್ಲ. 2003ರಲ್ಲಿ ಚೀನಾದ ಬೀಜಿಂಗ್‌ನಲ್ಲಿ 'ರೆಡ್ ಮೂನ್' ಎಂಬ ಆಟದಲ್ಲಿ ಕೂಡಿಟ್ಟ ಆಯುಧಗಳನ್ನು ಕಳೆದುಕೊಂಡ ಯುವಕನೊಬ್ಬ ಕಂಪನಿಯ ಮೇಲೆಯೇ ದಾವೆ ಹೂಡಿದ. ಕಂಪನಿಯ ಸರ್ವರ್‌ನ ಲೋಪದಿಂದ ಕಳ್ಳತನ ಆಗಿದೆ, ವಸ್ತುಗಳನ್ನು ಮರಳಿಸಿ ಎಂದು ಕೋರ್ಟ್ ಹೇಳಿತು. 2011ರಲ್ಲಿ ಸೋನಿಯ ಪ್ಲೇಸ್ಟೇಷನ್ ಜಾಲಕ್ಕೇ ಕನ್ನ ಬಿದ್ದು ಸುಮಾರು 7.7 ಕೋಟಿ ಖಾತೆಗಳ ವಿವರ ಸೋರಿದಾಗ ಬ್ರಿಟನ್‌ನ ಮಾಹಿತಿ ಆಯುಕ್ತರ ಕಚೇರಿ 2013ರಲ್ಲಿ 2.5 ಲಕ್ಷ ಪೌಂಡ್ ದಂಡ ಹಾಕಿತು. ನಮ್ಮ ಬೆಂಗಳೂರಿನಲ್ಲೇ 2020ರ ನವೆಂಬರ್‌ನಲ್ಲಿ ಸಿಸಿಬಿ ಪೊಲೀಸರು ಬಂಧಿಸಿದ ಯುವಕನ ಮೇಲಿದ್ದ ಆರೋಪಗಳಲ್ಲಿ ಆನ್‌ಲೈನ್ ಪೋಕರ್ ಜಾಲತಾಣಗಳಿಗೆ ನುಗ್ಗಿದ್ದೂ ಒಂದು.

ಅಂದರೆ, ಕಳ್ಳ ಯಾವ ಬಾಗಿಲಿನಿಂದ ಬಂದ ಅನ್ನುವುದು ಮೊದಲು ಗೊತ್ತಾಗಬೇಕು. ಕಂಪನಿಯ ಬಾಗಿಲೋ, ನಮ್ಮ ಬಾಗಿಲೋ? ನಾನು ಅದನ್ನು ನೋಡುವ ಮೊದಲೇ ಪಕ್ಕದ ಮನೆಯ ಬಾಗಿಲು ಬಡಿದಿದ್ದೆ.

ಬಯಲಾದ ಎರಡು ಸತ್ಯ

ಹೊಸಪೇಟೆಯಲ್ಲಿ ಇಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗ ಬಂದು ಫೋನ್ ನೋಡಿದ. ಆಟದ ಐಡಿ ಒಂದು ಸಾಮಾಜಿಕ ಜಾಲತಾಣದ ಖಾತೆಗೆ ಜೋಡಣೆಯಾಗಿತ್ತು. ಆ ಖಾತೆಯನ್ನು ಯಾವ ಯಾವ ಫೋನಿನಲ್ಲಿ ತೆರೆದಿದ್ದಾರೆ ಎಂಬ ಪಟ್ಟಿ ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತೆ. ಅಲ್ಲಿ ನಾವು ಹೆಸರೂ ಕೇಳದ ದೂರದ ಊರಿನ ಫೋನೊಂದು ಇತ್ತು. ಅದರ ಹಿಂದಿನ ದಿನವೇ ಮಗನಿಗೆ 'ಆಟದ ನಾಣ್ಯ ಉಚಿತ' ಎಂಬ ಲಿಂಕ್ ಬಂದಿತ್ತು. ಒತ್ತಿದರೆ ಥೇಟ್ ಅಸಲಿಯಂತೆ ಕಾಣುವ ನಕಲಿ ಪುಟ. ಪಾಪ, ಅದರಲ್ಲಿ ತಾನೇ ಪಾಸ್‌ವರ್ಡ್ ಬರೆದುಕೊಟ್ಟಿದ್ದ! ಪಕ್ಕದ ಮನೆಯ ಹುಡುಗನಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಇನ್ನೊಂದು ಸತ್ಯ ಇದಕ್ಕಿಂತ ಕಹಿ. ನನ್ನ ಬ್ಯಾಂಕ್ ಖಾತೆಯಿಂದ ಮೂರು ಸಲ ಸೇರಿ 1,140 ರೂಪಾಯಿ ಹೋಗಿತ್ತು. ಅದೂ ಕಳ್ಳನದೇ ಕೆಲಸ ಅಂದುಕೊಂಡಿದ್ದೆ. ತಾರೀಖು ನೋಡಿದರೆ ಐಡಿ ಹೋಗುವ ಮೊದಲಿನದು. ಕಟ್ಟಿದವನು ನನ್ನ ಮಗ. ಪಿನ್ ಹೇಗೆ ಗೊತ್ತಾಯ್ತು? ಕೈಯೆಲ್ಲ ಹಿಟ್ಟಾಗಿದ್ದಾಗ ಹಾಲಿನವನಿಗೆ, ತರಕಾರಿಯವನಿಗೆ "ನೀನೇ ದುಡ್ಡು ಹಾಕು" ಅಂತ ಹೇಳಿಕೊಟ್ಟವಳು ನಾನೇ. ಮನೆಯ ಮೊದಲ ಬೀಗದ ಕೈ ಕೊಟ್ಟವಳು ನಾನು, ಬೈದದ್ದು ಪಕ್ಕದವರನ್ನು!

ಕಾನೂನು, ಬ್ಯಾಂಕು ಏನನ್ನುತ್ತವೆ?

ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ನಾವು ಎಷ್ಟೇ ಅಜಾಗರೂಕರಾಗಿದ್ದರೂ ಕದ್ದವನು ಕಳ್ಳನೇ.

ಬ್ಯಾಂಕಿನ ಹಣಕ್ಕೆ ಲೆಕ್ಕ ಬೇರೆ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲ, ನಮ್ಮದೂ ಅಲ್ಲ ಎಂದಾದರೆ ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಮ್ಮ ಮೇಲೆ ಬರುವುದಿಲ್ಲ. ಆದರೆ ಪಿನ್, ಓಟಿಪಿ ನಾವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ನಮ್ಮದೇ. ತಿಳಿಸಿದ ನಂತರ ಹೋದರೆ ಬ್ಯಾಂಕಿನದು. ಆದ್ದರಿಂದ ಜಗಳಕ್ಕಿಂತ ಮೊದಲು ಫೋನ್ ಎತ್ತಿ.

ಹೀಗಾದರೆ ಏನು ಮಾಡಬೇಕು?

* ಆಟದ ಐಡಿಗೆ ಜೋಡಿಸಿದ ಇ-ಮೇಲ್, ಜಾಲತಾಣದ ಪಾಸ್‌ವರ್ಡನ್ನು ತಕ್ಷಣ ಬದಲಿಸಿ. 'ಎಲ್ಲ ಫೋನುಗಳಿಂದ ಲಾಗೌಟ್' ಒತ್ತಿ.

* ಬದಲಾದ ಹೆಸರು, ಬಂದ ಲಿಂಕು, ಮೆಸೇಜು, ದುಡ್ಡು ಕಟ್ಟಿದ ರಸೀದಿ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಗಾಬರಿಯಲ್ಲಿ ಏನನ್ನೂ ಅಳಿಸಬೇಡಿ.

* ಕಂಪನಿಗೆ ಆಟದೊಳಗಿನ ಸಹಾಯ ವಿಭಾಗದಿಂದಲೇ ಬರೆಯಿರಿ. 'ಐಡಿ ವಾಪಸ್ ತರಿಸಿಕೊಡ್ತೀವಿ' ಎಂದು ಹಣ ಕೇಳುವವರನ್ನು ನಂಬಬೇಡಿ. ಅದು ಎರಡನೇ ಮೋಸ.

* ಹಣ ಹೋಗಿದ್ದರೆ ಬ್ಯಾಂಕಿಗೂ, 1930 ಸಹಾಯವಾಣಿಗೂ ಕೂಡಲೇ ಫೋನ್ ಮಾಡಿ. ಜಿಲ್ಲಾ ಕೇಂದ್ರದ ಸಿಇಎನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು. ನಮಗೆ ಅದು ಹೊಸಪೇಟೆ.

* ಎರಡು ಹಂತದ ಭದ್ರತೆಯನ್ನು ಇವತ್ತೇ ಹಾಕಿಸಿ. ಪಾಸ್‌ವರ್ಡ್ ಮಾತ್ರ ಗೊತ್ತಿದ್ದರೆ ಸಾಲದು, ಫೋನಿಗೆ ಬರುವ ಸಂಖ್ಯೆಯೂ ಬೇಕಾಗುತ್ತೆ.

* ಯುಪಿಐ ಪಿನ್ ಮಕ್ಕಳಿಗೆ ಬೇಡ. ಹಿಟ್ಟಿನ ಕೈ ತೊಳೆಯಲು ಅರ್ಧ ನಿಮಿಷ ಸಾಕು.

* ಮಗು ಬಂದು ಹೇಳಿದಾಗ ಮೊದಲು ಬೈಯಬೇಡಿ. ಬೈದರೆ ಮುಂದಿನ ಸಲ ಮುಚ್ಚಿಡುತ್ತೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವಂತೆ ನಾವು ಇಷ್ಟನ್ನೆಲ್ಲ ಆಮೇಲೆ ಕಲಿತೆವು. ಐಡಿ ವಾಪಸ್ ಬರಲಿಲ್ಲ. ಮಗ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ, ಆಮೇಲೆ ಹೊಸ ಐಡಿ ಶುರು ಮಾಡಿದ. ಈ ಸಲ ಪಾಸ್‌ವರ್ಡ್ ನನಗೂ ಅವನಿಗೂ ಮಾತ್ರ ಗೊತ್ತು.

ಶೇಂಗಾ ಹೋಳಿಗೆ ಮಾಡಿಕೊಂಡು, ಮಗನನ್ನೂ ಕರೆದುಕೊಂಡು ಪಕ್ಕದ ಮನೆಗೆ ಹೋದೆ. "ತಪ್ಪಾಯ್ತು ಅಕ್ಕ" ಅಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ಕೂಡ್ರು, ಚಹಾ ಇಡ್ತೀನಿ" ಅಂದರು. ಈಗ ಮತ್ತೆ ವಾಕಿಂಗ್ ಶುರುವಾಗಿದೆ. ಆದರೆ ಆ ಹುಡುಗ ಮಾತ್ರ ನನ್ನನ್ನು ಕಂಡರೆ ಇನ್ನೂ ತಲೆ ತಗ್ಗಿಸಿ ಹೋಗುತ್ತಾನೆ. ಮೊದಲು ಬಾಯ್ತುಂಬ "ಆಂಟಿ" ಅಂತಿದ್ದ. ಹೋದ ಐಡಿಗಿಂತ ನನಗೆ ಅದೇ ದೊಡ್ಡ ನಷ್ಟ.