ಹಳೆಯ ಗಣಕಯಂತ್ರಗಳಲ್ಲಿ ಗ್ರಾಫಿಕ್ಸ್ ಕಾರ್ಡಿನ ಹೊಂದಾಣಿಕೆ: ದೋಷನಿರ್ಣಯದ ಒಂದು ಕ್ರಮ

ಇತಿಹಾಸದ ಆಕರಗಳೆಂದರೆ ಶಾಸನ, ಕಡತ, ಬಖೈರು, ಕೈಫಿಯತ್ತುಗಳೆಂದು ಎಣಿಸುವುದು ರೂಢಿ. ಆದರೆ 20ನೆಯ ಶತಮಾನದ ಕೊನೆಯ ಎರಡು ದಶಕಗಳನ್ನು ಅಭ್ಯಾಸಮಾಡುವವರಿಗೆ ಈ ಪಟ್ಟಿ ಸಾಲದು. ಆ ಕಾಲದ ಲೆಕ್ಕಪತ್ರ, ಸಮೀಕ್ಷೆಯ ಕೋಷ್ಟಕ, ಗ್ರಂಥಸೂಚಿಗಳಲ್ಲಿ ಕೆಲವು ಆಗಿನ ಪರ್ಸನಲ್ ಕಂಪ್ಯೂಟರುಗಳ ಡಿಸ್ಕುಗಳಲ್ಲಿಯೇ ಉಳಿದುಕೊಂಡಿವೆ. ಇಂಥ ಯಂತ್ರವನ್ನು ಬಹುಕಾಲದ ಮೇಲೆ ಚಾಲನೆಗೊಳಿಸಿದಾಗ ಪರದೆ ಕಪ್ಪಾಗಿಯೇ ಉಳಿದರೆ, ಯಂತ್ರವು ಸತ್ತಿತೆಂದು ಬಗೆದು ಅದನ್ನು ಗುಜರಿಗೆ ಕಳುಹಿಸುವುದುಂಟು. ಅದರೊಡನೆ ದಾಖಲೆಯೂ ಹೋಗುತ್ತದೆ. ಆದರೆ ಪರದೆಯ ಮೇಲೆ ಚಿತ್ರ ಮೂಡದಿರುವುದಕ್ಕೂ ಯಂತ್ರವು ಕೆಟ್ಟಿರುವುದಕ್ಕೂ ನಿಯತವಾದ ಸಂಬಂಧವಿಲ್ಲ. ಅನೇಕ ವೇಳೆ ಅಲ್ಲಿರುವುದು ಗ್ರಾಫಿಕ್ಸ್ ಕಾರ್ಡಿಗೂ ಯಂತ್ರದ ಉಳಿದ ಅಂಗಗಳಿಗೂ ನಡುವಣ ಕಾಲವ್ಯತ್ಯಾಸ ಮಾತ್ರ. ಈ ವ್ಯತ್ಯಾಸವನ್ನು ಗುರುತಿಸುವ ಕ್ರಮವನ್ನು ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ಗ್ರಾಫಿಕ್ಸ್ ಕಾರ್ಡು ಐದು ಕಡೆ ಯಂತ್ರದೊಡನೆ ಹೊಂದಿಕೊಳ್ಳಬೇಕು: ಅದು ಕೂರುವ ಸ್ಲಾಟು, ಅದಕ್ಕೆ ದೊರೆಯುವ ವಿದ್ಯುತ್ತು, ಅದು ಮಾನಿಟರಿಗೆ ಕಳುಹಿಸುವ ಸಂಕೇತ, ಯಂತ್ರವು ಏಳುವಾಗ ನಡೆಯುವ ಬಯೋಸ್ ಕ್ರಮವಿಧಿ, ಕಡೆಯದಾಗಿ ಕಾರ್ಯಾಚರಣ ವ್ಯವಸ್ಥೆಯ ಡ್ರೈವರು. ಈ ಐದೂ ಒಂದೇ ವರ್ಷದಲ್ಲಿ ಬದಲಾದವುಗಳಲ್ಲ; ಒಂದೊಂದಕ್ಕೂ ಪ್ರತ್ಯೇಕವಾದ ಇತಿಹಾಸವಿದೆ. ತೇದಿಯಿಲ್ಲದ ಶಾಸನದ ಕಾಲವನ್ನು ಲಿಪಿ, ಭಾಷೆ, ಉಲ್ಲೇಖಗಳಿಂದ ನಿರ್ಣಯಿಸುವಂತೆ, ಇಲ್ಲಿಯೂ ಪ್ರತಿಯೊಂದು ಅಂಗದ ಕಾಲವನ್ನು ಮೊದಲು ನಿರ್ಣಯಿಸಿಕೊಂಡರೆ ದೋಷದ ಸ್ಥಾನ ತಾನಾಗಿಯೇ ಗೋಚರವಾಗುತ್ತದೆ.

ಸ್ಲಾಟಿನ ವಿಚಾರ. 1981ರಲ್ಲಿ ಬಂದ ಐ.ಬಿ.ಎಂ. ಪಿ.ಸಿ.ಯಲ್ಲಿ 8 ಬಿಟ್ಟಿನ ಸ್ಲಾಟುಗಳಿದ್ದವು, 1984ರ ಎ.ಟಿ. ಮಾದರಿಯಲ್ಲಿ ಅವು 16 ಬಿಟ್ಟಿಗೆ ವಿಸ್ತರಿಸಿದವು. ಇವೇ ಮುಂದೆ ಐ.ಎಸ್.ಎ. ಎನಿಸಿಕೊಂಡವು. 1992ರಲ್ಲಿ ಪಿ.ಸಿ.ಐ., 1997ರ ಹೊತ್ತಿಗೆ ಗ್ರಾಫಿಕ್ಸಿಗೇ ಮೀಸಲಾದ ಎ.ಜಿ.ಪಿ., 2004ರಿಂದ ಪಿ.ಸಿ.ಐ. ಎಕ್ಸ್‌ಪ್ರೆಸ್, ಹೀಗೆ ಒಂದರ ಸ್ಥಾನಕ್ಕೆ ಮತ್ತೊಂದು ಬಂದಿತು. ಇವುಗಳ ಆಕಾರವೇ ಬೇರೆಯಾದುದರಿಂದ ಒಂದರ ಕಾರ್ಡು ಮತ್ತೊಂದರಲ್ಲಿ ಕೂರದು. ಇಲ್ಲಿ ಭ್ರಾಂತಿಗೆ ಅವಕಾಶ ಕಡಮೆ. ಅಪಾಯವಿರುವುದು ಆಕಾರ ಹೊಂದಿಯೂ ವಿದ್ಯುತ್ತು ಹೊಂದದಿರುವ ಕಡೆಯಲ್ಲಿ. ಎ.ಜಿ.ಪಿ.ಯೇ ಇದಕ್ಕೆ ನಿದರ್ಶನ. ಮೊದಲ ಎ.ಜಿ.ಪಿ. ಕಾರ್ಡುಗಳ ಸಂಕೇತ 3.3 ವೋಲ್ಟಿನದು, ಎರಡನೆಯ ಆವೃತ್ತಿಯದು 1.5 ವೋಲ್ಟು, ಮೂರನೆಯದು 0.8 ವೋಲ್ಟು. ಒಂದರ ಬದಲು ಇನ್ನೊಂದನ್ನು ಸೇರಿಸದಂತೆ ಕಾರ್ಡಿನ ಅಂಚಿನಲ್ಲಿ ಕಚ್ಚುಗಳನ್ನಿಟ್ಟಿದ್ದರು: 3.3 ವೋಲ್ಟಿನ ಕಚ್ಚು ಪೆಟ್ಟಿಗೆಯ ಹಿಂಬದಿಗೆ ಸಮೀಪದಲ್ಲಿಯೂ, 1.5 ವೋಲ್ಟಿನದು ಅದರಿಂದ ದೂರದಲ್ಲಿಯೂ ಇರುತ್ತದೆ. ಎರಡೂ ಕಚ್ಚುಗಳಿರುವ ಕಾರ್ಡು ಎರಡನ್ನೂ ತಾಳಬೇಕು. ಆದರೆ 3.3 ವೋಲ್ಟನ್ನು ಮಾತ್ರ ಬಲ್ಲ ಕೆಲವು ಕಾರ್ಡುಗಳಿಗೂ ಎರಡು ಕಚ್ಚುಗಳನ್ನು ಕೊರೆದು ಮಾರಿದ್ದುಂಟು. ಇಂಥವನ್ನು 1.5 ವೋಲ್ಟನ್ನಷ್ಟೆ ಬಲ್ಲ ಮದರ್‌ಬೋರ್ಡಿಗೆ, ಉದಾಹರಣೆಗೆ ಇಂಟೆಲ್ 845 ಚಿಪ್‌ಸೆಟ್ಟಿನ ಬೋರ್ಡಿಗೆ, ಸೇರಿಸಿದರೆ ಬೋರ್ಡೇ ಸುಟ್ಟುಹೋಗಬಹುದು. ಆದುದರಿಂದ ಕಚ್ಚನ್ನು ಮಾತ್ರ ನಂಬದೆ ಕಾರ್ಡಿನ ಮೇಲಣ ಚಿಪ್ಪಿನ ಹೆಸರನ್ನು ಓದಿ ಅದರ ಕಾಲವನ್ನು ತಿಳಿಯತಕ್ಕದ್ದು.

ವಿದ್ಯುತ್ತಿನ ಪ್ರಮಾಣವೂ ಗಣನೀಯ. ಪಿ.ಸಿ.ಐ. ಎಕ್ಸ್‌ಪ್ರೆಸ್ಸಿನ ದೊಡ್ಡ ಸ್ಲಾಟಿನಿಂದ ಕಾರ್ಡಿಗೆ ಹೆಚ್ಚೆಂದರೆ 75 ವಾಟು ದೊರೆಯುತ್ತದೆ. ಆರು ಪಿನ್ನಿನ ಹೆಚ್ಚುವರಿ ತಂತಿಯಿಂದ 75 ವಾಟೂ, ಎಂಟು ಪಿನ್ನಿನದರಿಂದ 150 ವಾಟೂ ಸಲ್ಲುತ್ತವೆ. ಈ ತಂತಿಗಳಿಲ್ಲದ ಹಳೆಯ ಪವರ್ ಸಪ್ಲೈಗೆ ಹೊಸ ಕಾರ್ಡನ್ನು ಕಟ್ಟಿದರೆ ಯಂತ್ರವು ಏಳದಿರಬಹುದು. ಎದ್ದರೂ ಕೆಲಸದ ಭಾರ ಬಿದ್ದೊಡನೆ ನಿಂತುಹೋಗಬಹುದು.

ಮಾನಿಟರಿನ ವಿಚಾರ. 1987ಕ್ಕೆ ಹಿಂದಿನ ಎಂ.ಡಿ.ಎ., ಸಿ.ಜಿ.ಎ., ಇ.ಜಿ.ಎ. ಕಾರ್ಡುಗಳು ಒಂಬತ್ತು ಪಿನ್ನಿನ ಜೋಡಣೆಯಿಂದ ಅಂಕೀಯ ಸಂಕೇತವನ್ನು ಕಳುಹಿಸುತ್ತಿದ್ದವು. ಆ ವರ್ಷ ಬಂದ ವಿ.ಜಿ.ಎ. ಹದಿನೈದು ಪಿನ್ನುಗಳಿಂದ ಅನಲಾಗ್ ಸಂಕೇತವನ್ನು ಕಳುಹಿಸುತ್ತದೆ. ಸಿ.ಜಿ.ಎ.ಯ ಗೆರೆಗಳು ಸೆಕೆಂಡಿಗೆ ಸುಮಾರು 15,700 ಸಲ, ಎಂ.ಡಿ.ಎ.ಯವು ಸುಮಾರು 18,400 ಸಲ, ವಿ.ಜಿ.ಎ.ಯವು ಸುಮಾರು 31,500 ಸಲ ಮೂಡುತ್ತವೆ. ಹೀಗಾಗಿ ಪಿನ್ನುಗಳನ್ನು ಮಾತ್ರ ಕೂಡಿಸುವ ಅಗ್ಗದ ಜೋಡಣೆಯಿಂದ ಹಳೆಯ ಕಾರ್ಡಿನ ಚಿತ್ರವನ್ನು ಇಂದಿನ ಪರದೆಯಲ್ಲಿ ಕಾಣಲಾಗದು. ಸಂಕೇತವನ್ನೇ ಪರಿವರ್ತಿಸುವ ಸಾಧನ ಬೇಕು. ಮೊದಲ ಪಿ.ಸಿ.ಯಲ್ಲಾದರೋ ಯಾವ ಬಗೆಯ ಪ್ರದರ್ಶನವಿದೆಯೆಂಬುದನ್ನು ಮದರ್‌ಬೋರ್ಡಿನ ಪುಟ್ಟ ಸ್ವಿಚ್ಚುಗಳಲ್ಲಿ 5 ಮತ್ತು 6ನೆಯವುಗಳಿಂದ ತಿಳಿಸಬೇಕಾಗಿತ್ತು. ಕಾರ್ಡನ್ನು ಬದಲಿಸಿ ಸ್ವಿಚ್ಚನ್ನು ಮರೆತರೆ ಯಂತ್ರವು ಇಲ್ಲದ ಕಾರ್ಡನ್ನು ಹುಡುಕುತ್ತದೆ.

ಬಯೋಸಿನ ವಿಚಾರ. ಯಂತ್ರವು ಏಳುವಾಗ ಕಾರ್ಡಿನಲ್ಲಿಯೇ ಅಡಕವಾಗಿರುವ ಸಣ್ಣ ಕ್ರಮವಿಧಿಯನ್ನು ಮದರ್‌ಬೋರ್ಡಿನ ಬಯೋಸು ಹುಡುಕಿ ನಡೆಸುತ್ತದೆ. 2012ರಲ್ಲಿ ವಿಂಡೋಸ್ 8 ಬಂದ ತರುವಾಯ ಯು.ಇ.ಎಫ್.ಐ. ಎಂಬ ಹೊಸ ಪದ್ಧತಿ ಸರ್ವತ್ರ ಹರಡಿತು. ಹಳೆಯ ಬಗೆಯ ಕ್ರಮವಿಧಿ ಮಾತ್ರವಿರುವ ಕಾರ್ಡನ್ನು ಹೊಸ ಪದ್ಧತಿಯ ಬೋರ್ಡಿಗೆ ಸೇರಿಸಿದರೆ, ಸಿ.ಎಸ್.ಎಂ. ಎಂಬ ಹೊಂದಾಣಿಕೆಯ ಆಯ್ಕೆಯನ್ನು ತೆರೆಯುವ ತನಕ ಚಿತ್ರ ಮೂಡದು. ಹೊಸ ಬಗೆಯ ಕ್ರಮವಿಧಿ ಮಾತ್ರವಿರುವ ಕಾರ್ಡು ಹಳೆಯ ಬೋರ್ಡಿನಲ್ಲಿ ಮೌನವಾಗಿಯೇ ಇರುತ್ತದೆ. ಕಾರ್ಡಿನಲ್ಲಿಯೂ ಬೋರ್ಡಿನಲ್ಲಿಯೂ ಯಾವ ದೋಷವೂ ಇಲ್ಲದೆ ಪರದೆ ಕಪ್ಪಾಗಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ.

ಡ್ರೈವರಿನ ದೋಷವನ್ನು ಗುರುತಿಸುವುದು ಸುಲಭ. ಯಂತ್ರವು ಏಳುವಾಗಿನ ಅಕ್ಷರಗಳೂ ವಿಂಡೋಸಿನ ಲಾಂಛನವೂ ಕಾಣಿಸಿಕೊಂಡು, ಆಮೇಲೆ ಪರದೆ ಕಪ್ಪಾದರೆ ಸ್ಲಾಟು, ವಿದ್ಯುತ್ತು, ಬಯೋಸುಗಳನ್ನು ಬಹುಮಟ್ಟಿಗೆ ಶಂಕಿಸಬೇಕಾಗಿಲ್ಲ. ವಿಂಡೋಸ್ 98 ಅಥವಾ ಎಕ್ಸ್‌ಪಿ ಆದಲ್ಲಿ ಆರಂಭದಲ್ಲಿ ಎಫ್8 ಕೀಲಿಯನ್ನೊತ್ತಿ ಸೇಫ್ ಮೋಡಿನಲ್ಲಿ ಪ್ರವೇಶಿಸಿ ಹಿಂದಿನ ಡ್ರೈವರನ್ನು ತೆಗೆದುಹಾಕಬೇಕು. ಕಾರ್ಡಿಗೂ ವ್ಯವಸ್ಥೆಗೂ ಒಪ್ಪುವ ಡ್ರೈವರು ಒಂದು ಕಾಲಾವಧಿಯಲ್ಲಿ ಮಾತ್ರ ದೊರೆಯುವುದೆಂಬುದನ್ನು ಮರೆಯಬಾರದು. ಎಕ್ಸ್‌ಪಿ ವ್ಯವಸ್ಥೆಗೆ ಎನ್‌ವಿಡಿಯಾ ಸಂಸ್ಥೆಯ ಡ್ರೈವರುಗಳ ಸರಣಿ 2016ರಲ್ಲಿ ಮುಗಿಯಿತು. ಅದಕ್ಕೆ ಈಚಿನ ಕಾರ್ಡು ಎಕ್ಸ್‌ಪಿಗೆ ಸಲ್ಲದು.

ಇನ್ನು ಪರೀಕ್ಷೆಯ ಕ್ರಮ. ಮೊದಲು ಕಿವಿಗೊಡಬೇಕು: ಒಂದು ದೀರ್ಘ, ಎರಡು ಹ್ರಸ್ವ ಧ್ವನಿಗಳು ಕೇಳಿದರೆ ಐ.ಬಿ.ಎಂ. ಮತ್ತು ಅವಾರ್ಡ್ ಬಯೋಸುಗಳಲ್ಲಿ ಅದು ಗ್ರಾಫಿಕ್ಸ್ ಕಾರ್ಡಿನ ದೂರು. ಒಂದೇ ಹ್ರಸ್ವ ಧ್ವನಿ ಕೇಳಿ ಡಿಸ್ಕು ಓಡಿದರೆ ಯಂತ್ರವು ಎದ್ದಿದೆ. ಮಾನಿಟರನ್ನೂ ತಂತಿಯನ್ನೂ ಶಂಕಿಸಬೇಕು. ಎರಡನೆಯದಾಗಿ, ವಿದ್ಯುತ್ತನ್ನು ಕಡಿದು, ಕಾರ್ಡನ್ನು ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಶುಚಿಮಾಡಿ ಮತ್ತೆ ಕೂರಿಸಬೇಕು. ಮೂರನೆಯದಾಗಿ, ಬೋರ್ಡಿನಲ್ಲಿಯೇ ಪ್ರದರ್ಶನದ ವ್ಯವಸ್ಥೆಯಿದ್ದರೆ ಯಾವುದು ಮೊದಲೆಂಬ ಆಯ್ಕೆ ಬಯೋಸಿನಲ್ಲಿ ಹೇಗಿದೆಯೆಂದು ನೋಡಬೇಕು. ಬೋರ್ಡಿನ 3 ವೋಲ್ಟಿನ ಬಿಲ್ಲೆ ಬ್ಯಾಟರಿ ಬತ್ತಿದ್ದರೆ ಈ ಆಯ್ಕೆ ಅಳಿಸಿಹೋಗಿರಬಹುದು. ನಾಲ್ಕನೆಯದಾಗಿ, ಬೋರ್ಡಿನ ಸಮಕಾಲೀನವಾದ ಸಾಧಾರಣ ಕಾರ್ಡೊಂದನ್ನು ಹಾಕಿ ನೋಡಬೇಕು. ಅದರಿಂದ ಚಿತ್ರ ಬಂದರೆ ಕಾಲವ್ಯತ್ಯಾಸವು ಸಿದ್ಧವಾದಂತೆಯೇ. ಹಳೆಯ ಗಾಜಿನ ಕೊಳವೆಯ ಮಾನಿಟರನ್ನು ಮಾತ್ರ ಬಿಚ್ಚಕೂಡದು. ಅದರೊಳಗಣ ವಿದ್ಯುತ್ತು ಪ್ರಾಣಾಪಾಯಕರ.

ಈ ಶ್ರಮವೇಕೆ, ಡಿಸ್ಕನ್ನು ಬಿಚ್ಚಿ ಬೇರೆಡೆ ಓದಬಾರದೆ ಎಂದು ಕೇಳಬಹುದು. ಐ.ಡಿ.ಇ. ಡಿಸ್ಕಾದರೆ ಹಾಗೆಯೇ ಮಾಡತಕ್ಕದ್ದು. ದುರಸ್ತಿಗೆ ತೊಡಗುವ ಮುನ್ನವೇ ಅದರ ಪ್ರತಿಯನ್ನು ತೆಗೆದಿರಿಸಬೇಕು. ಆದರೆ ಅದಕ್ಕೂ ಹಿಂದಿನ ಎಂ.ಎಫ್.ಎಂ. ಡಿಸ್ಕುಗಳು ತಮ್ಮ ನಿಯಂತ್ರಕ ಕಾರ್ಡಿಗೆ ಕಟ್ಟುಬಿದ್ದವು. ಇಂದಿನ ಸಾಮಾನ್ಯ ಸಾಧನಗಳಿಗೆ ಅವು ತೆರೆದುಕೊಳ್ಳವು. ಅಲ್ಲಿ ಮೂಲಯಂತ್ರವನ್ನು ಎಬ್ಬಿಸುವುದೇ ಸುಲಭವಾದ ದಾರಿ.

ಕನ್ನಡದ ದಾಖಲೆಗಳಿಗೆ ಸಂಬಂಧಿಸಿದ ವಿಶೇಷವೊಂದುಂಟು. ಕಾನ್ಪುರದ ಐ.ಐ.ಟಿ.ಯಲ್ಲಿ ರೂಪುಗೊಂಡು, 1988ರಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆ ಬೆಳೆಸಿದ ಜಿಸ್ಟ್ ಕಾರ್ಡು, ಡಾಸ್ ಯಂತ್ರಗಳ ಪರದೆಯ ಮೇಲೆ ಕನ್ನಡವೂ ಸೇರಿ ಭಾರತೀಯ ಲಿಪಿಗಳನ್ನು ಮೂಡಿಸುತ್ತಿತ್ತು. ಪೆಟ್ಟಿಗೆಯೊಳಗೆ ಅಪರಿಚಿತವಾದ ಇಂಥ ಕಾರ್ಡು ಕಂಡರೆ ಅದನ್ನು ನಿರುಪಯೋಗಿಯೆಂದು ಕಿತ್ತುಹಾಕಬಾರದು. ಅದಿಲ್ಲದೆ ಕಡತವನ್ನು ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಆದರೂ ಕಡತ ಕೆಟ್ಟಿಲ್ಲ. ಅದು 1991ರಲ್ಲಿ ಭಾರತೀಯ ಮಾನಕವಾದ ಇಸ್ಕಿ ಸಂಕೇತದಲ್ಲಿದ್ದರೆ ಅದನ್ನು ಯೂನಿಕೋಡಿಗೆ ಪರಿವರ್ತಿಸಬಹುದು. ಯೂನಿಕೋಡಿನ ಭಾರತೀಯ ಲಿಪಿಗಳ ವಿನ್ಯಾಸಕ್ಕೆ 1988ರ ಇಸ್ಕಿಯೇ ಆಧಾರ.

ಮಸುಕಾದ ಶಾಸನವನ್ನು ಯಾರೂ ಬರಿಗಲ್ಲೆಂದು ಬಿಡುವುದಿಲ್ಲ. ಬೆಳಕನ್ನು ಬದಲಿಸಿ, ಪಡಿಯಚ್ಚನ್ನು ತೆಗೆದು ನೋಡುತ್ತಾರೆ. ಕಪ್ಪಾದ ಪರದೆಗೂ ಅಷ್ಟೇ ತಾಳ್ಮೆ ಸಲ್ಲಬೇಕು. ಮೇಲಣ ಐದು ಅಂಗಗಳ ಕಾಲವನ್ನು ಒಂದು ಹಾಳೆಯಲ್ಲಿ ಬರೆದು ತಾಳೆನೋಡುವ ತನಕ ಯಾವ ಯಂತ್ರವನ್ನೂ ವಿಲೇವಾರಿಗೆ ಒಪ್ಪಿಸದಿರುವುದು ದಾಖಲೆಗಳನ್ನು ಕಾಯುವವರೆಲ್ಲರಿಗೂ ಯುಕ್ತವಾದ ನಿಯಮ.