ಒಣ ಹಾಗೂ ಸೂಕ್ಷ್ಮ ಚರ್ಮದವರಿಗೆ ಸನ್‌ಸ್ಕ್ರೀನ್: ಸಾರ್ವಜನಿಕರ ಮಾಹಿತಿಗಾಗಿ

ಕಡೂರು, ತರೀಕೆರೆ ಹಾಗೂ ಅಜ್ಜಂಪುರ ತಾಲ್ಲೂಕುಗಳ ಬಯಲು ಭಾಗದಲ್ಲಿ ಬೇಸಿಗೆಯ ಬಿಸಿಲು ಮತ್ತು ಒಣಗಾಳಿಗೆ ಮುಖದ ಚರ್ಮ ಬಿರಿಯುವುದು ಸಾಮಾನ್ಯವಾಗಿದೆ. ಇಂತಹವರಿಗೆ ಜೆಲ್‌ಗಿಂತ ಕ್ರೀಮ್ ರೂಪದ ಸನ್‌ಸ್ಕ್ರೀನ್ ಸೂಕ್ತ. ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಉಳ್ಳ, ಸುಗಂಧದ್ರವ್ಯರಹಿತ ಕ್ರೀಮ್‌ನಿಂದ ಉರಿಯುಂಟಾಗುವ ಸಂಭವ ಕಡಿಮೆ; ಮುಖ ತುಸು ಬಿಳಿಚಿಕೊಂಡಂತೆ ಕಾಣುವುದೇ ಅದರ ಕೊರತೆ. ಎಸ್‌ಪಿಎಫ್ 30 ಇರುವುದು ಯುವಿ-ಬಿ ಕಿರಣಗಳನ್ನು ಸುಮಾರು ಶೇ. 97ರಷ್ಟು ತಡೆಯುತ್ತದೆ, 50 ಇರುವುದು ಶೇ. 98ರಷ್ಟು. ಆದುದರಿಂದ ದೊಡ್ಡ ಸಂಖ್ಯೆಗಾಗಿ ಹೆಚ್ಚು ಬೆಲೆ ತೆರಬೇಕಾದ ಅಗತ್ಯವಿರುವುದಿಲ್ಲ. ಯುವಿ-ಎ ತಡೆಯ ನಮೂದು ಮಾತ್ರ ಇರತಕ್ಕದ್ದು. ಮುಖಕ್ಕೆ ಹಚ್ಚುವ ಮುನ್ನ ಕೆಲವು ದಿನ ಮುಂಗೈಯ ಒಳಭಾಗಕ್ಕೆ ಹಚ್ಚಿ ಪರೀಕ್ಷಿಸುವುದು. ಹೊಲ, ತೋಟಗಳಲ್ಲಿ ದುಡಿಯುವವರು ಎರಡು ಗಂಟೆಗೊಮ್ಮೆ ಪುನಃ ಹಚ್ಚಬೇಕಾಗುತ್ತದೆ. ಅದು ಸಾಧ್ಯವಾಗದಿದ್ದಲ್ಲಿ ಅಗಲ ಅಂಚಿನ ಟೋಪಿಯೇ ಮೇಲು.

ಮುಖ್ಯವಾಗಿ ಗಮನಿಸಬೇಕಾದುದು: ಮುಖ ಬೆಳ್ಳಗಾಗಲೆಂದು ವೈದ್ಯರ ಚೀಟಿಯಿಲ್ಲದೆ ತರುವ ಕೆಲವು ಕ್ರೀಮ್‌ಗಳಲ್ಲಿ ಬೀಟಾಮೆಥಾಸೋನ್, ಮೊಮೆಟಾಸೋನ್‌ನಂತಹ ಸ್ಟೀರಾಯ್ಡ್ ಇರುತ್ತದೆ. 2018ರಲ್ಲಿ ಇಂತಹ ಹಲವು ಔಷಧಿಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದೆ. ಇವುಗಳನ್ನು ದೀರ್ಘಕಾಲ ಬಳಸಿದಲ್ಲಿ ಚರ್ಮ ತೆಳುವಾಗಿ, ಎಳೆಬಿಸಿಲನ್ನೂ ತಾಳದಂತಾಗುತ್ತದೆ. ಈಗಾಗಲೇ ಬಳಸುತ್ತಿರುವವರು ಹಠಾತ್ತನೆ ನಿಲ್ಲಿಸಿದರೆ ಕೆಂಪು, ಉರಿ ಉಲ್ಬಣಿಸಬಹುದಾದುದರಿಂದ, ಆ ಟ್ಯೂಬಿನೊಂದಿಗೇ ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣುವುದು.