ಹೊಸ ಡೇಟಾಬೇಸಿಗೆ ಕೊಂಡಿ ಹಾಕುವುದು

ನಮ್ಮ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳ ಅಂಕಗಳನ್ನು ಬರೆದಿಡುವ ದಪ್ಪನೆಯ ಪುಸ್ತಕವೊಂದಿದೆ. ಅದರ ಕೊನೆಯ ಅಂಕಣಕ್ಕೆ 'ಷರಾ' ಎಂದು ಹೆಸರು. ಒಬ್ಬ ವಿದ್ಯಾರ್ಥಿಯ ಹೆಸರಿನ ಮುಂದೆ ಆ ಅಂಕಣವು ಬರಿದಾಗಿದ್ದರೆ ಅದರ ಅರ್ಥವೇನು? ಅಧ್ಯಾಪಕರು ವರದಿಯನ್ನು ಓದಿದ್ದಾರೆ, ಹೇಳತಕ್ಕದ್ದು ಏನೂ ಇಲ್ಲ ಎಂದೆ? ಅಥವಾ ವರದಿಯನ್ನು ಇನ್ನೂ ಓದಿಯೇ ಇಲ್ಲವೆಂದೆ? ಕಾಗದದ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಗಣಕಯಂತ್ರದಲ್ಲಿ ಮಾಹಿತಿಯನ್ನು ಕೂಡಿಡುವ ಭಂಡಾರಗಳು, ಎಂದರೆ ಡೇಟಾಬೇಸುಗಳು, ಸಾಮಾನ್ಯವಾಗಿ ಇವೆರಡನ್ನೂ ಬೇರೆಬೇರೆಯಾಗಿ ಗುರುತಿಸುತ್ತವೆ. ಮೊದಲನೆಯದು ಅಕ್ಷರಗಳೇ ಇಲ್ಲದ ಬರಿದಾದ ಪಠ್ಯ. ಎರಡನೆಯದು, ಇಲ್ಲಿ ಏನಿರಬೇಕೆಂಬುದು ತಿಳಿಯದು ಎನ್ನುವ 'ನಲ್' ಎಂಬ ಗುರುತು. ಆದರೆ ಆರಕಲ್ ಎಂಬ ಪ್ರಸಿದ್ಧ ಡೇಟಾಬೇಸು ಬರಿದಾದ ಪಠ್ಯವನ್ನೂ ನಲ್ ಎಂದೇ ಎಣಿಸುತ್ತದೆ.

ಇಂತಹ ಭೇದಗಳು ಹೇಗೆ ಉಂಟಾದವು? ಮಾಹಿತಿಯನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳ ರೂಪದಲ್ಲಿ ಇಡಬಹುದೆಂದು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಅವರು 1970ರಲ್ಲಿ ತೋರಿಸಿದರು. ಆ ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯೊಂದನ್ನು ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ 1974ರಲ್ಲಿ ಪ್ರಕಟಿಸಿದರು. ಅದೇ ಇಂದಿನ ಎಸ್‌ಕ್ಯುಎಲ್. ಅದಕ್ಕೆ 1986ರಲ್ಲಿ ಅಮೆರಿಕದ ಪ್ರಮಾಣಕವೂ ದೊರಕಿತು. ಆದರೆ ಅಷ್ಟರಲ್ಲಿ ಬೇರೆ ಬೇರೆ ತಯಾರಕರು ತಮ್ಮ ತಮ್ಮ ಡೇಟಾಬೇಸುಗಳನ್ನು ಮಾರುಕಟ್ಟೆಗೆ ತಂದಾಗಿತ್ತು. ಕೋಷ್ಟಕದಿಂದ ಹತ್ತೇ ಸಾಲುಗಳು ಬೇಕೆಂದು ಕೇಳಲು ಪೋಸ್ಟ್‌ಗ್ರೆಸ್‌ನಲ್ಲಿ 'ಲಿಮಿಟ್' ಎಂದು ಬರೆಯಬಹುದು. ಮೈಕ್ರೋಸಾಫ್ಟಿನ ಎಸ್‌ಕ್ಯುಎಲ್ ಸರ್ವರ್‌ನಲ್ಲಿ 'ಟಾಪ್' ಎನ್ನಬೇಕು. ಭಾಷೆ ಒಂದೇ, ಆಡುವ ಬಗೆ ಬೇರೆ.

ಹಾಗಾದರೆ ಒಂದು ತಂತ್ರಾಂಶವನ್ನು ಪ್ರತಿಯೊಂದು ಡೇಟಾಬೇಸಿಗೂ ಹೊಸದಾಗಿ ಬರೆಯಬೇಕೆ? ಬೇಕಿಲ್ಲ. ತಂತ್ರಾಂಶಕ್ಕೂ ಡೇಟಾಬೇಸಿಗೂ ನಡುವೆ ಒಂದು ಕೊಂಡಿ ಇದ್ದರೆ ಸಾಕು. ಇದನ್ನೇ ಕನೆಕ್ಟರ್ ಎನ್ನುವರು. ಜ್ಯಾಂಗೋ ಎಂಬ ಮುಕ್ತ ತಂತ್ರಾಂಶವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಮೆರಿಕದ ಕಾನ್ಸಾಸ್ ಪ್ರಾಂತದ ಲಾರೆನ್ಸ್ ಊರಿನ ಒಂದು ವೃತ್ತಪತ್ರಿಕೆಯ ಕಚೇರಿಯಲ್ಲಿ ಹುಟ್ಟಿದ ಇದು 2005ರಲ್ಲಿ ಸಾರ್ವಜನಿಕರ ಕೈಸೇರಿತು. (ಜ್ಯಾಂಗೋ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನ ಹೆಸರೇ ಇದಕ್ಕೆ ಬಂದಿದೆ. ಇಂಗ್ಲಿಷ್ ಕಾಗುಣಿತದ ಮೊದಲ ಅಕ್ಷರವನ್ನು ಉಚ್ಚರಿಸುವುದಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಉಚ್ಚರಿಸುತ್ತಾರೆ!) ಪೈಥಾನ್ ಭಾಷೆಯಲ್ಲಿ ಬರೆದ ಇದರ ಮೂಲವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್, ಮರಿಯಾಡಿಬಿ, ಆರಕಲ್, ಎಸ್‌ಕ್ಯುಎಲೈಟ್ ಎಂಬ ಐದು ಡೇಟಾಬೇಸುಗಳಿಗೆ ಇದರಲ್ಲಿಯೇ ಕೊಂಡಿಗಳಿವೆ. ಆರನೆಯದೊಂದನ್ನು ಸೇರಿಸಬೇಕೆಂದು ಭಾವಿಸೋಣ.

ಮೊದಲ ಕೆಲಸ ಸುಲಭ. ಡೇಟಾಬೇಸಿನೊಡನೆ ಪೈಥಾನ್ ಮಾತನಾಡಲು ಒಂದು 'ಡ್ರೈವರ್' ಬೇಕು. ಅದು ಸಾಮಾನ್ಯವಾಗಿ ಮೊದಲೇ ಸಿದ್ಧವಾಗಿರುತ್ತದೆ. ಪ್ರಶ್ನೆಯೊಳಗೆ ಬೆಲೆಗಳು ಬರಬೇಕಾದ ಸ್ಥಳವನ್ನು ಜ್ಯಾಂಗೋ ಶೇಕಡಾ ಚಿಹ್ನೆಯಿಂದ ಗುರುತಿಸುತ್ತದೆ. ಎಸ್‌ಕ್ಯುಎಲೈಟ್‌ನ ಡ್ರೈವರಿಗೆ ಪ್ರಶ್ನಾರ್ಥಕ ಚಿಹ್ನೆ ಬೇಕು. ಕೊಂಡಿಯು ಒಂದನ್ನು ಇನ್ನೊಂದಾಗಿ ಬದಲಾಯಿಸುತ್ತದೆ. ಬೆಲೆಗಳನ್ನು ಪ್ರಶ್ನೆಯೊಳಗೇ ಬರೆದುಬಿಡಬಾರದೆ ಎಂದು ನೀವು ಕೇಳಬಹುದು. ಡಿ'ಸೋಜ ಎಂಬ ಹೆಸರಿನ ನಡುವಿನ ಚಿಹ್ನೆಯೇ ಎಸ್‌ಕ್ಯುಎಲ್‌ನಲ್ಲಿ ಪಠ್ಯ ಮುಗಿಯಿತೆಂದು ಸೂಚಿಸುವ ಚಿಹ್ನೆ. ಪ್ರಶ್ನೆ ಅಲ್ಲಿಗೇ ತುಂಡಾಗುವುದು. ದುರುದ್ದೇಶವುಳ್ಳವರು ಇದೇ ಬಿರುಕಿನ ಮೂಲಕ ತಮ್ಮ ಆಜ್ಞೆಗಳನ್ನು ಒಳಕ್ಕೆ ನುಸುಳಿಸಬಲ್ಲರು.

ಇಷ್ಟಾದರೆ ಕೊಂಡಿ ಕೆಲಸಮಾಡಲು ಮೊದಲಿಡುತ್ತದೆ. ಕೋಷ್ಟಕಗಳು ತೆರೆಯುತ್ತವೆ, ಸಾಲುಗಳು ಬರುತ್ತವೆ, ಬರೆದವನಿಗೆ ಸಂತೋಷವಾಗುತ್ತದೆ. ನಿಜವಾದ ಕಷ್ಟವು ಪ್ರಾರಂಭವಾಗುವುದು ಇಲ್ಲಿಂದಲೇ. ಕೊಂಡಿಯ ಭಾಗಗಳಲ್ಲಿ 'ಫೀಚರ್ಸ್' ಎಂಬ ಒಂದು ಕಡತವುಂಟು. ಈ ಡೇಟಾಬೇಸು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ಅಲ್ಲಿ ಒಂದೊಂದಾಗಿ ಹೌದು-ಅಲ್ಲ ಎಂದು ಬರೆಯಬೇಕು. ನನ್ನ ಅಭಿಪ್ರಾಯದಲ್ಲಿ ಇಡೀ ಕೊಂಡಿಯ ಜೀವಾಳವೇ ಈ ಕಡತ. ಇದರಲ್ಲಿ ಒಂದು 'ಹೌದು' ಸುಳ್ಳಾದರೂ ಮೇಲಿನ ತಂತ್ರಾಂಶವು ಅದನ್ನು ನಂಬಿ ನಡೆಯುತ್ತದೆ.

ಒಂದು ಮುಖ್ಯ ಸಂಗತಿಯನ್ನು ನೋಡಿರಿ. ಒಬ್ಬನ ಖಾತೆಯಿಂದ 500 ರೂಪಾಯಿ ಕಳೆದು ಇನ್ನೊಬ್ಬನ ಖಾತೆಗೆ ಕೂಡಿಸಬೇಕು. ಕಳೆದಾದ ಮೇಲೆ, ಕೂಡಿಸುವ ಮೊದಲು ತಪ್ಪೊಂದು ಸಂಭವಿಸಿದರೆ ಕಳೆದದ್ದನ್ನು ಹಿಂದಕ್ಕೆ ಪಡೆಯಬೇಕು. ಇಲ್ಲವಾದರೆ ಹಣ ಎಲ್ಲಿಯೂ ಇಲ್ಲದಂತಾಗುವುದು. ಈ ಹಿಂದೆಗೆತಕ್ಕೆ 'ರೋಲ್‌ಬ್ಯಾಕ್' ಎಂದು ಹೆಸರು. ಮೈಎಸ್‌ಕ್ಯುಎಲ್‌ನಲ್ಲಿ 5.5ನೆಯ ಆವೃತ್ತಿ ಬರುವವರೆಗೆ, ಎಂದರೆ 2010ರವರೆಗೆ, ಬೇರೆ ಸೂಚನೆಯಿಲ್ಲದಿದ್ದರೆ ಕೋಷ್ಟಕಗಳು 'ಮೈಐಸ್ಯಾಮ್' ಎಂಬ ವಿಧಾನದಲ್ಲಿ ನಿರ್ಮಾಣವಾಗುತ್ತಿದ್ದವು. ಆ ವಿಧಾನಕ್ಕೆ ರೋಲ್‌ಬ್ಯಾಕ್ ತಿಳಿಯದು. ವಿಚಿತ್ರವೇನೆಂದರೆ, ಆಜ್ಞೆಯನ್ನು ಕೊಟ್ಟರೆ ಅದು ತಿರಸ್ಕರಿಸುವುದಿಲ್ಲ. ಹೆಚ್ಚೆಂದರೆ ಒಂದು ಎಚ್ಚರಿಕೆಯ ಮಾತನ್ನು ದಾಖಲಿಸಿ ಸುಮ್ಮನಾಗುತ್ತದೆ. ಬದಲಾವಣೆ ಮಾತ್ರ ಹಾಗೆಯೇ ಉಳಿದಿರುತ್ತದೆ.

ಆದುದರಿಂದ ಬಾಯಿಮಾತನ್ನು ನಂಬಿ ಪ್ರಯೋಜನವಿಲ್ಲ. ಜ್ಯಾಂಗೋವಿನ ಮೂಲ ಕಡತದಲ್ಲಿ ಇದಕ್ಕೊಂದು ಪುಟ್ಟ ಪ್ರಯೋಗವನ್ನೇ ಬರೆದಿದ್ದಾರೆ. ಒಂದು ಹೊಸ ಕೋಷ್ಟಕವನ್ನು ಮಾಡು; ಅದರಲ್ಲಿ 8 ಎಂಬ ಸಂಖ್ಯೆಯನ್ನು ಇಡು; ಇಟ್ಟದ್ದನ್ನು ಹಿಂದಕ್ಕೆ ಪಡೆ; ಈಗ ಎಷ್ಟು ಸಾಲುಗಳಿವೆ ಎಂದು ಎಣಿಸು; ಕೋಷ್ಟಕವನ್ನು ಅಳಿಸಿಹಾಕು. ಎಣಿಕೆ ಸೊನ್ನೆಯಾದರೆ ಮಾತ್ರ ಉತ್ತರ 'ಹೌದು'. ಪ್ರಯೋಗಶಾಲೆಗೆ ಹೊಸ ವೋಲ್ಟ್‌ಮೀಟರು ಬಂದಾಗ ನಾವೂ ಹೀಗೆಯೇ ಮಾಡುವೆವು. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಡೇನಿಯಲ್ ಕೋಶಕ್ಕೆ ಜೋಡಿಸಿ ಮುಳ್ಳು ಸುಮಾರು 1.08 ವೋಲ್ಟ್ ತೋರಿಸುವುದೇ ಎಂದು ನೋಡುವೆವು.

ಉಳಿದ ಗುಣಗಳ ಪರೀಕ್ಷೆಗೆ ಜ್ಯಾಂಗೋವಿನೊಡನೆ ಸಾವಿರಾರು ಪರೀಕ್ಷೆಗಳು ಬರುತ್ತವೆ. ಅವೆಲ್ಲವನ್ನೂ ಹೊಸ ಕೊಂಡಿಯ ಮೇಲೆ ನಡೆಸಬೇಕು. ಮೊದಲ ದಿನ ನೂರಾರು ಸೋತರೆ ಆಶ್ಚರ್ಯವಿಲ್ಲ. ಕೆಲವು ಸೋಲುಗಳು ಡೇಟಾಬೇಸಿನ ಮಿತಿಯಿಂದ ಬಂದವು. ಅಂಥವನ್ನು ಕಾರಣಸಹಿತವಾಗಿ ಒಂದು ವಿನಾಯಿತಿ ಪಟ್ಟಿಯಲ್ಲಿ ಸೇರಿಸಲು ಅವಕಾಶವಿದೆ. ಮಿಕ್ಕವು ಬರೆದವನ ತಪ್ಪಿನಿಂದ ಬಂದವು. ಎರಡನೆಯ ಜಾತಿಯವನ್ನು ಮೊದಲನೆಯ ಪಟ್ಟಿಗೆ ಸೇರಿಸಿ ಕೈತೊಳೆದುಕೊಳ್ಳುವ ಆಸೆ ಬಹಳ ಪ್ರಬಲವಾದುದು; ಹೊಂದದ ಬಿಂದುಗಳನ್ನು ಗ್ರಾಫಿನಿಂದ ಅಳಿಸಿಹಾಕುವ ವಿದ್ಯಾರ್ಥಿಗೆ ಇದು ಚೆನ್ನಾಗಿ ತಿಳಿದಿರುತ್ತದೆ.

ಆರಕಲ್‌ನ ಕೊಂಡಿಯಾದರೋ ಷರಾ ಅಂಕಣದ ತೊಡಕನ್ನು ಹೀಗೆ ನಿವಾರಿಸಿದೆ: ಪಠ್ಯದ ಅಂಕಣಗಳಿಂದ ನಲ್ ಹೊರಬಂದರೆ ಅದನ್ನು ಬರಿದಾದ ಪಠ್ಯವೆಂದು ಭಾವಿಸಿ ತಂತ್ರಾಂಶಕ್ಕೆ ಒಪ್ಪಿಸುತ್ತದೆ. ತಂತ್ರಾಂಶಕ್ಕೆ ತೊಂದರೆಯಿಲ್ಲ. ಆದರೆ 'ಓದಿದೆ, ಷರಾ ಇಲ್ಲ' ಮತ್ತು 'ಇನ್ನೂ ಓದಿಲ್ಲ' ಎಂಬ ಭೇದವು ಅಳಿಸಿಹೋಗುತ್ತದೆ. ಆ ಭೇದ ಬೇಕಾದವರು ವರದಿಯನ್ನು ಓದಿದ ದಿನಾಂಕಕ್ಕೆ ಬೇರೊಂದು ಅಂಕಣವನ್ನೇ ಇಡಬೇಕು. ಇದನ್ನು ಜ್ಯಾಂಗೋವಿನ ಕೈಪಿಡಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಹೊಸ ಕೊಂಡಿಗಳು ಸಾಮಾನ್ಯವಾಗಿ ಜ್ಯಾಂಗೋವಿನೊಳಕ್ಕೆ ಸೇರದೆ ಹೊರಗಡೆ ಪ್ರತ್ಯೇಕವಾಗಿ ಬೆಳೆಯುತ್ತವೆ. ಎಸ್‌ಕ್ಯುಎಲ್ ಸರ್ವರ್‌ನ ಕೊಂಡಿಯನ್ನು ಮೈಕ್ರೋಸಾಫ್ಟ್ ಸಂಸ್ಥೆಯೇ ನೋಡಿಕೊಳ್ಳುತ್ತದೆ. ಜ್ಯಾಂಗೋವಿನ ಹೊಸ ಆವೃತ್ತಿ ಸುಮಾರು ಎಂಟು ತಿಂಗಳಿಗೊಮ್ಮೆ ಬರುವುದರಿಂದ, ಕೊಂಡಿ ಬರೆದವನು ಅಷ್ಟು ಸಲವೂ ಪರೀಕ್ಷೆಗಳನ್ನು ಮತ್ತೆ ನಡೆಸಿ ತಿದ್ದಬೇಕು. ಆಸಕ್ತಿಯುಳ್ಳ ವಿದ್ಯಾರ್ಥಿಗಳು ಎಸ್‌ಕ್ಯುಎಲೈಟ್‌ನ ಕೊಂಡಿಯಿಂದ ಪ್ರಾರಂಭಿಸಬಹುದು. ಅದಕ್ಕೆ ಬೇರೆ ಯಂತ್ರವಾಗಲಿ ಹಣವಾಗಲಿ ಬೇಡ; ಪೈಥಾನಿನೊಡನೆಯೇ ಬರುತ್ತದೆ. ಮೊದಲು ಅದರ 'ಫೀಚರ್ಸ್' ಕಡತವನ್ನು ತೆರೆದು, 'ಅಲ್ಲ' ಎಂದು ಬರೆದಿರುವ ಸಾಲುಗಳನ್ನು ಓದಿರಿ.